ಕೊಯ್ಲಿನ ಕಾವಲಿಗೆ ಗಾರ್ಡ್ ಗೊತ್ತುಮಾಡುವ ಮುನ್ನ

ಎಲ್ಲರಿಗೂ ನಮಸ್ಕಾರ. ಅರೇಬಿಕಾ ಕಾಫಿ ಕೊಯ್ಲು ಹತ್ತಿರ ಬಂತು. ಕಣಕ್ಕೆ, ಗೋಡೌನಿಗೆ ಏಜೆನ್ಸಿಯಿಂದ ಗಾರ್ಡ್ ತೆಗೆದುಕೊಳ್ಳುವ ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಬೆಳೆಗಾರರು ದಯವಿಟ್ಟು ಪೂರ್ತಿ ಓದಿ.

ದೇಶದಲ್ಲಿ ಈಗ ಪೊಲೀಸರಿಗಿಂತ ಖಾಸಗಿ ಕಾವಲುಗಾರರೇ ಹೆಚ್ಚು. ಬೇಡಿಕೆ ಏರಿದ ವೇಗಕ್ಕೆ ತರಬೇತಿ ಏರಿಲ್ಲ. ಯೂನಿಫಾರಂ ಹಾಕಿಸಿ ಮರುದಿನವೇ ಡ್ಯೂಟಿಗೆ ಕಳಿಸುವವರಿದ್ದಾರೆ. ಕಳ್ಳತನವಾದಾಗ ಆ ಹುಡುಗನ ಸರಿಯಾದ ವಿಳಾಸವೂ ಸಿಗುವುದಿಲ್ಲ.

ಮೊದಲು ಏಜೆನ್ಸಿಯ ಲೈಸೆನ್ಸ್ ಪ್ರತಿ ಕೇಳಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆಯಂತೆ ಅದರ ಅವಧಿ 5 ವರ್ಷ. ಒಂದು ಜಿಲ್ಲೆಗೆ, ಐದು ಜಿಲ್ಲೆಗಳವರೆಗೆ ಅಥವಾ ಇಡೀ ರಾಜ್ಯಕ್ಕೆ ಎಂದು ಲೈಸೆನ್ಸ್ ಕೊಡುತ್ತಾರೆ. ಹಲವರು ಎಡವುವುದು ಇಲ್ಲೇ: ದಿನಾಂಕ ನೋಡುತ್ತಾರೆ, ನಮ್ಮ ಜಿಲ್ಲೆಯ ಹೆಸರಿದೆಯೇ ಎಂದು ನೋಡುವುದಿಲ್ಲ.

ಆಮೇಲೆ ಗಾರ್ಡ್‌ನ ಫೋಟೋ ಗುರುತಿನ ಚೀಟಿ, ಪೊಲೀಸ್ ವೆರಿಫಿಕೇಷನ್, ತರಬೇತಿ ಪತ್ರ. ಈ ಕಾಯ್ದೆಯಡಿ ಕೇಂದ್ರ ಸರ್ಕಾರ ಮಾಡಿದ ಮಾದರಿ ನಿಯಮದಲ್ಲಿ ತರಬೇತಿ ಹೀಗಿದೆ: ತರಗತಿ 100 ಗಂಟೆ, ಹೊರಗಿನ ಅಭ್ಯಾಸ 60 ಗಂಟೆ, ಕನಿಷ್ಠ 20 ಕೆಲಸದ ದಿನ. ಮಾಜಿ ಸೈನಿಕರಿಗೆ ಇದಕ್ಕಿಂತ ಕಡಿಮೆ. ವಯಸ್ಸು 18ರಿಂದ 65ರೊಳಗಿರಬೇಕು. ಪೊಲೀಸರಂತೆ ಕಾಣುವ ಖಾಕಿ ಬೇಡ, ಅದು ಶಿಕ್ಷಾರ್ಹ. ನಿಮ್ಮ ಕೋವಿಯನ್ನೂ ಅವರ ಕೈಗೆ ಕೊಡಬೇಡಿ.

ಕಣದಲ್ಲಿ ಒಂದು ನೋಟ್‌ಬುಕ್ ಇಡಿ. ಪಾಳಿ ಬದಲಾಗುವಾಗ ಇಬ್ಬರೂ ಸೇರಿ ಚೀಲ ಎಣಿಸಿ ಸಹಿ ಹಾಕಲಿ. ಒಬ್ಬನೇ ಎಣಿಸಿ ಬರೆದ ಲೆಕ್ಕ ಆಮೇಲೆ ಜಗಳಕ್ಕೆ ದಾರಿ. ರಾತ್ರಿಯಿಡೀ ಚಳಿಯಲ್ಲಿ ನಿಲ್ಲುವವರಿಗೆ ಟಾರ್ಚು, ಬಿಸಿ ಕಾಫಿ, ಕೂರಲು ಸೂರು ಕೊಡುವುದು ನಮ್ಮ ಹೊಣೆ.

ಎಷ್ಟು ಗಾರ್ಡ್ ಬೇಕು, ಯಾವ ತಿಂಗಳಿನಿಂದ ಎಂದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಒಟ್ಟಾಗಿ ಕೇಳಿದರೆ ದಾಖಲೆ ಪರಿಶೀಲನೆಯೂ ಒಂದೇ ಸಲ ಮುಗಿಯುತ್ತದೆ.