ಗಡಿನಾಡಿನ ಹುಡುಗಿಯರಿಗೂ ಹಾಸ್ಟೆಲ್ ಸಿಗಲಿ

ಮಾನ್ಯ ಸಂಪಾದಕರೇ,

ಪ್ಲಸ್ ಟು ಫಲಿತಾಂಶ ಬಂದರೆ ಸಾಕು, ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಹುಡುಗಿಯರ ಫೋನು ಶುರುವಾಗುತ್ತದೆ. ‘ಅಕ್ಕ, ಬೆಂಗಳೂರಲ್ಲಿ ಡಿಗ್ರಿ ಮಾಡ್ಲಿಕ್ಕೆ ಆಗ್ತದಾ? ಹಾಸ್ಟೆಲ್ ಸಿಗ್ತದಾ?’ ಸೀಟು ಸಿಗುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಹಾಸ್ಟೆಲ್ ಮಾತು ಬಂದಾಗ ಏನು ಹೇಳುವುದೆಂದು ತೋಚುವುದಿಲ್ಲ. ಅದಕ್ಕೇ ಈ ಪತ್ರ.

ನಾನು ಹತ್ತನೇ ತರಗತಿವರೆಗೆ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದವಳು. ಈಗ ಬೆಂಗಳೂರಿನ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಸೇರಿದ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ. ಸೇರುವಾಗ ಆಫೀಸಿನವರು ನನ್ನ ಕೇರಳದ ಮಾರ್ಕ್ ಲಿಸ್ಟ್ ನೋಡಿ, ಒಂದು ಮಾತೂ ಕೇಳದೆ ‘ಬಳಕೆ ಕನ್ನಡ’ದ ಪಟ್ಟಿಗೆ ಹೆಸರು ಸೇರಿಸಿಬಿಟ್ಟರು. ಕನ್ನಡವೇ ಗೊತ್ತಿಲ್ಲದವರಿಗೆ ‘ಇದು ಏನು? ಇದು ಪುಸ್ತಕ’ ಎಂದು ಹೇಳಿಕೊಡುವ ಕ್ಲಾಸ್ ಅದು. ಮೇಡಂ ನನ್ನ ಮಾತು ಕೇಳಿದವರೇ ‘ನೀನ್ಯಾಕಮ್ಮ ಇಲ್ಲಿದ್ದೀಯ?’ ಎಂದು ನಕ್ಕರು. ಅರ್ಜಿ ಬರೆಸಿ ಬದಲಾಯಿಸಿಕೊಟ್ಟರು. ಬೆಂಗಳೂರಲ್ಲೇ ಹುಟ್ಟಿ ಬೆಳೆದ ನನ್ನ ಗೆಳತಿಯರು ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತ ಸಂಸ್ಕೃತ ತಗೊಂಡಿದ್ದರು. ಅವರನ್ನು ದೂರುವುದಿಲ್ಲ ಬಿಡಿ.

ಅದು ಒಂದು ಅರ್ಜಿಗೆ ಸರಿಹೋಯಿತು. ಹಾಸ್ಟೆಲ್ ಹಾಗಲ್ಲ. ಸರ್ಕಾರಿ ಹಾಸ್ಟೆಲಿಗೂ ವಿದ್ಯಾರ್ಥಿವೇತನಕ್ಕೂ ಆನ್‌ಲೈನ್ ಅರ್ಜಿ ಹಾಕುವಾಗ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತಾರೆ. ಆ ನಂಬರ್ ಬರುವುದು ಕರ್ನಾಟಕದ ನಾಡಕಚೇರಿ ಕೊಟ್ಟ ಪತ್ರದಲ್ಲಿ ಮಾತ್ರ. ನಮ್ಮ ಹತ್ತಿರ ಇರುವುದು ಕೇರಳದ ಆನ್‌ಲೈನ್ ಸೇವಾ ಕೇಂದ್ರವಾದ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ ವಿಲೇಜ್ ಆಫೀಸಿನಿಂದ ಮಾಡಿಸಿದ ಸರ್ಟಿಫಿಕೇಟ್. ಅದರ ನಂಬರ್ ಹೊಡೆದರೆ ಅರ್ಜಿ ಮುಂದಕ್ಕೇ ಹೋಗುವುದಿಲ್ಲ. ಬೆಂಗಳೂರಿನ ಕಚೇರಿಯಲ್ಲಿ ವಿಚಾರಿಸಿದರೆ ‘ನೀವು ಕೇರಳದವರಲ್ವಾ, ಅಲ್ಲೇ ಕೇಳಿ’. ಊರಿನಲ್ಲಿ ಕೇಳಿದರೆ ‘ನೀನು ಓದುವುದು ಕರ್ನಾಟಕದಲ್ಲಲ್ವಾ?’

ಉಳಿದದ್ದು ಪಿ.ಜಿ., ಅಂದರೆ ಬಾಡಿಗೆಯ ಪೇಯಿಂಗ್ ಗೆಸ್ಟ್ ವಸತಿ. ಮೂವರಿಗೆ ಒಂದು ರೂಮು. ಕಿಟಕಿ ಇದೆ, ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತದೆ. ಎಂಟು ಗಂಟೆ ದಾಟಿದರೆ ಬಿಸಿನೀರಿಲ್ಲ. ಖಾಲಿ ಮಾಡುವಾಗ ಮೇಂಟೆನೆನ್ಸ್ ಅಂತ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ಬೇರೆ. ಪರೀಕ್ಷೆಯ ಹೊತ್ತಿಗೆ ರಾತ್ರಿ ಓದಬೇಕೆಂದರೆ ಲೈಟ್ ಹಾಕಿದ್ದಕ್ಕೆ ಪಕ್ಕದ ಮಂಚದವಳ ಗೊಣಗಾಟ. ಆಕೆ ಕಾಲ್ ಸೆಂಟರಿಗೆ ಹೋಗುವವಳು, ಪಾಪ, ಅವಳಿಗೂ ನಿದ್ದೆ ಬೇಕಲ್ಲ. ಅಪ್ಪನಿಗೆ ಒಂದಿಷ್ಟು ಅಡಿಕೆ ತೋಟ ಇರುವ ಕಾರಣ ನನ್ನದು ಹೇಗೋ ನಡೆಯಿತು. ಬೀಡಿ ಕಟ್ಟಿ ಮಗಳನ್ನು ಓದಿಸುವ ಮನೆಗೆ ತಿಂಗಳು ತಿಂಗಳು ಪಿ.ಜಿ. ಬಾಡಿಗೆ ಕಟ್ಟುವುದು ಆಗುವ ಮಾತಲ್ಲ.

ಬಸ್ಸಿನಲ್ಲಿ ಫ್ರೀ ಟಿಕೆಟ್ ಕೊಡಿ ಎಂದು ನಾನು ಕೇಳುತ್ತಿಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಕರ್ನಾಟಕದ ಮಹಿಳೆಯರಿಗೆ. ಅವರ ತೆರಿಗೆ, ಅವರ ಬಸ್ಸು. ನನ್ನ ಮಲಯಾಳದ ಆಧಾರ್ ನೋಡಿ ಕಂಡಕ್ಟರ್ ‘ದುಡ್ಡು ಕೊಡಮ್ಮ’ ಅಂದರೆ ಸುಮ್ನೆ ಕೊಡುತ್ತೇನೆ.

ಓದಿನ ವಿಷಯ ಬೇರೆ. ಅಲ್ಲಿ ಕರ್ನಾಟಕ ಸರ್ಕಾರವೇ ನಮ್ಮನ್ನು ಒಪ್ಪಿಕೊಂಡಾಗಿದೆ. ಸಿಇಟಿ ಸೀಟು ಹಂಚಿಕೆಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶ ಇದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಹೆಸರು ಅದರಲ್ಲಿದೆ. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಕೂಡ ಇವೆ. ಮನೆಮಾತು ಕನ್ನಡವೋ ತುಳುವೋ ಕೊಡವವೋ ಆಗಿರಬೇಕು, ಆ ತಾಲೂಕಿನವರೆಂದು ದಾಖಲೆ ಕೊಡಬೇಕು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಕನ್ನಡ ಪರೀಕ್ಷೆ ಪಾಸಾಗಬೇಕು. ಎಂಜಿನಿಯರಿಂಗ್ ಸೀಟಿಗೆ ನಡೆಯುವ ಈ ಕ್ರಮ ಬಿ.ಎ., ಬಿ.ಕಾಂ. ಓದುವವಳ ಹಾಸ್ಟೆಲ್ ಅರ್ಜಿಗೆ ಯಾಕೆ ನಡೆಯಬಾರದು? ಸುಳ್ಳು ದಾಖಲೆ ತಂದು ಯಾರ್ಯಾರೋ ನುಗ್ಗುತ್ತಾರೆ ಎಂಬ ಭಯ ಇದ್ದರೆ ಆ ಕನ್ನಡ ಪರೀಕ್ಷೆಯನ್ನು ನಮಗೂ ಇಡಿ. ಖುಷಿಯಿಂದ ಬರೆಯುತ್ತೇವೆ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ, ಗಡಿ ವಿವಾದಕ್ಕೆಂದು ಕೇಂದ್ರ ಸರ್ಕಾರ ನೇಮಿಸಿದ್ದ ಮಹಾಜನ ಆಯೋಗ ಹೇಳಿದ್ದು, ಎರಡೂ ನಮ್ಮ ಅಜ್ಜಂದಿರ ಕಾಲದ ಕತೆ. ಪ್ರತಿ ನವೆಂಬರ್‌ನಲ್ಲಿ ಬೆಂಗಳೂರಿನ ವೇದಿಕೆಗಳಲ್ಲಿ ಅದರ ಭಾಷಣ ಕೇಳುತ್ತೇವೆ, ಚಪ್ಪಾಳೆಯೂ ತಟ್ಟುತ್ತೇವೆ. ನಮಗೆ ಸದ್ಯಕ್ಕೆ ಬೇಕಾಗಿರುವುದು ಅರ್ಜಿಯಲ್ಲಿ ‘ಗಡಿನಾಡ ಕನ್ನಡಿಗ’ ಎಂಬ ಒಂದು ಕಾಲಂ, ಅದಕ್ಕೆ ನಮ್ಮ ವಿಲೇಜ್ ಆಫೀಸಿನ ಪ್ರಮಾಣಪತ್ರ ಲಗತ್ತಿಸುವ ಅವಕಾಶ, ಬೆಂಗಳೂರು, ಮಂಗಳೂರಿನ ಹುಡುಗಿಯರ ಹಾಸ್ಟೆಲುಗಳಲ್ಲಿ ನಾಲ್ಕೈದು ಹಾಸಿಗೆ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದನ್ನು ಕೈಗೆತ್ತಿಕೊಂಡು ಸಂಬಂಧಪಟ್ಟ ಇಲಾಖೆಗಳ ಜೊತೆ ಮಾತಾಡಲಿ. ಈ ಸಲದ ಹಾಸ್ಟೆಲ್ ಅರ್ಜಿಯ ಕೊನೆಯ ದಿನಾಂಕಕ್ಕೆ ಮುಂಚೆ ಆದರೆ ಒಳ್ಳೆಯದು.

– ಪದವಿ ವಿದ್ಯಾರ್ಥಿನಿ, ಬದಿಯಡ್ಕ, ಕಾಸರಗೋಡು ಜಿಲ್ಲೆ