ತೀರದ ಮಾತು

ಪ್ರೀತಿಯ ಪುಟ್ಟಿ,

ನಿನಗೆ ಜಪಾನಿನ ನಾಗೋಯಾದಲ್ಲಿ ಕೆಲಸ ಗಟ್ಟಿಯಾಯಿತು ಅಂತ ನಿಮ್ಮಮ್ಮ ಹೇಳಿದಳು. ತುಂಬಾ ಖುಷಿಯಾಯಿತು. ಜಪಾನಿ ಭಾಷೆಯ ಪಾಠವನ್ನು ನೀನೇ ಚೆನ್ನಾಗಿ ಮಾಡುತ್ತಿದ್ದೀಯ. ನಾನು ಒಂದೇ ಒಂದು ಪದದ ಬಗ್ಗೆ ಬರೆಯುತ್ತೇನೆ: ಸುಮಿಮಾಸೆನ್.

ಪುಸ್ತಕದಲ್ಲಿ ಇದಕ್ಕೆ ‘ಕ್ಷಮಿಸಿ’ ಅಂತ ಇರುತ್ತದೆ. ನಾನೂ ಹಾಗೇ ಕಲಿತು ಹೋಗಿದ್ದೆ. ಹೋದ ಹೊಸದರಲ್ಲಿ ಒಮ್ಮೆ ರೈಲಿನಲ್ಲಿ ಒಬ್ಬ ಅಜ್ಜಿಗೆ ಸೀಟು ಬಿಟ್ಟುಕೊಟ್ಟೆ. ಅವರು ತಲೆಬಾಗಿ ‘ಸುಮಿಮಾಸೆನ್’ ಅಂದರು. ಇವರು ಯಾಕೆ ಕ್ಷಮೆ ಕೇಳುತ್ತಿದ್ದಾರೆ ಅಂತ ನನಗೆ ಗಾಬರಿ. ಮನೆಗೆ ಬಂದು ಪದವನ್ನು ಬಿಡಿಸಿ ನೋಡಿದೆ. ‘ಸುಮು’ ಅಂದರೆ ಮುಗಿಯುವುದು, ತೀರುವುದು. ಸುಮಿಮಾಸೆನ್ ಅಂದರೆ ತೀರುವುದಿಲ್ಲ. ‘ನಿಮ್ಮ ಋಣ ತೀರಿಸೋಕಾಗಲ್ಲ’ ಅಂತ ನಮ್ಮಜ್ಜಿ ಅನ್ನುತ್ತಿದ್ದರಲ್ವಾ, ಹೆಚ್ಚುಕಡಿಮೆ ಅದೇ ಭಾವ. ನನಗಾಗಿ ನೀವು ತೊಂದರೆ ತೆಗೆದುಕೊಂಡಿರಿ, ಇಷ್ಟಕ್ಕೆ ನನ್ನ ಮನಸ್ಸು ನಿರಾಳವಾಗುವುದಿಲ್ಲ ಅಂತ. ಅದಕ್ಕೇ ಅದು ತಪ್ಪಿಗೂ ಸಲ್ಲುತ್ತದೆ, ಉಪಕಾರಕ್ಕೂ ಸಲ್ಲುತ್ತದೆ.

ಹೋಟೆಲಿನಲ್ಲಿ ಸಪ್ಲೈಯರ್ ಬರಬೇಕಾದರೆ ‘ಸುಮಿಮಾಸೆನ್’ ಅಂತ ಗಟ್ಟಿಯಾಗಿ ಕರೆ, ಸಂಕೋಚ ಬೇಡ. ತುಂಬಿದ ರೈಲಿನಲ್ಲಿ ‘ಸುಮಿಮಾಸೆನ್, ಒರಿಮಾಸು’ ಅನ್ನು. ‘ಇಳೀತೀನಿ, ದಾರಿ ಬಿಡಿ’ ಅಂದ ಹಾಗೆ. ಮಾತಿನ ಓಟದಲ್ಲಿ ಅದು ‘ಸುಯಿಮಾಸೆನ್’ ಅಂತಲೂ ಕೇಳಿಸುತ್ತದೆ.

ಆಫೀಸಿನಲ್ಲಿ ಮಾತ್ರ ಜೋಪಾನ. ನಾನೊಮ್ಮೆ ಗ್ರಾಹಕರಿಗೆ ಹಳೆಯ ಡ್ರಾಯಿಂಗ್ ಕಳಿಸಿಬಿಟ್ಟೆ. ಫೋನಿನಲ್ಲಿ ‘ಗೊಮೆನ್ ನಸಾಯ್’ ಅಂದೆ. ಅದಕ್ಕೂ ‘ಕ್ಷಮಿಸಿ’ ಅಂತಲೇ ಅರ್ಥ, ಆದರೆ ಮನೆಯವರಿಗೆ, ಗೆಳೆಯರಿಗೆ ಹೇಳುವ ಮಾತು. ಆ ಕಡೆ ಸದ್ದೇ ಇಲ್ಲ. ನಮ್ಮ ವಿಭಾಗದ ಹಿರಿಯರು ಏನೂ ಬೈಯಲಿಲ್ಲ. ನನ್ನನ್ನು ಕರೆದುಕೊಂಡು ಗ್ರಾಹಕರ ಹತ್ತಿರ ಹೋದರು. ‘ಮೋಶಿವಾಕೆ ಗೊಜಾಯಿಮಾಸೆನ್’ ಅಂತ ನನ್ನ ತಪ್ಪಿಗೆ ತಾವೇ ಸೊಂಟ ಬಗ್ಗಿಸಿ ನಿಂತರು. ಸಮಜಾಯಿಷಿ ಕೊಡಲು ನಮ್ಮಲ್ಲಿ ಏನೂ ಇಲ್ಲ ಅಂತ ಅದರ ಅರ್ಥ. ದೊಡ್ಡ ತಪ್ಪಿಗೆ ಅಲ್ಲಿ ಸುಮಿಮಾಸೆನ್ ಕೂಡ ಸಾಲದು.

ವಾಪಸ್ ಬರುವಾಗ ನಾನು ಅವರಿಗೆ ‘ಸುಮಿಮಾಸೆನ್ ದೆಶಿತಾ’ ಅಂದೆ. ಅದರಲ್ಲಿ ಕ್ಷಮೆ ಎಷ್ಟಿತ್ತು, ಕೃತಜ್ಞತೆ ಎಷ್ಟಿತ್ತು ಅಂತ ಇವತ್ತಿಗೂ ಬೇರೆ ಮಾಡಿ ಹೇಳಲಾರೆ.

ಹಾಗಂತ ಎಲ್ಲದಕ್ಕೂ ಇದನ್ನೇ ಹೇಳಬೇಡ. ಯಾರಾದರೂ ಪ್ರೀತಿಯಿಂದ ಮೆಚ್ಚಿಕೊಂಡರೆ ಸುಮ್ನೆ ‘ಅರಿಗಾತೋ’, ಅಂದರೆ ‘ಥ್ಯಾಂಕ್ಸ್’, ಅನ್ನು, ಅವರಿಗೂ ಸಂತೋಷ.

ನನ್ನ ಉಣ್ಣೆ ಕೋಟು ಇನ್ನೂ ಚೆನ್ನಾಗಿದೆ. ಭಾನುವಾರ ಬಂದು ತೆಗೆದುಕೊಂಡು ಹೋಗು.

ನಿನ್ನ ಅತ್ತೆ