ಕಾವೇರಿಯ ಡುಬ್ಬದ ಮಹಶೀರ್ ಉಳಿಸಲು ಹೊರಗಿನ ಮೀನುಮರಿ ಬಿತ್ತನೆ ನಿಲ್ಲಿಸುವಂತೆ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮಂಡ್ಯ ಜಿಲ್ಲೆ, ಮಂಡ್ಯ.

ಇವರಿಂದ,
ಮುತ್ತತ್ತಿ, ಹಲಗೂರು ಭಾಗದ ನಿವಾಸಿಗಳು,
ಮಳವಳ್ಳಿ ತಾಲ್ಲೂಕು.

ವಿಷಯ: ಶಿವನಸಮುದ್ರದಿಂದ ಮೇಕೆದಾಟುವರೆಗಿನ ಕಾವೇರಿಯಲ್ಲಿ ಹೊರಗಿನ ಮೀನುಗಳ ನಿಯಂತ್ರಣ ಕೋರಿ.

ಮಾನ್ಯರೇ,

ಕಾವೇರಿಯಲ್ಲಿ ಮಹಶೀರ್ ಮೀನುಗಳಿವೆಯೇ ಎಂದು ಕೇಳಿದರೆ ಬೇಕಾದಷ್ಟಿವೆ ಎಂಬ ಉತ್ತರ ಬರುತ್ತದೆ. ಯಾವ ಮಹಶೀರ್ ಎಂದು ವಿಚಾರಿಸುವವರು ಕಡಿಮೆ. ಆ ಪ್ರಶ್ನೆ ಹಿಡಿದೇ ತಮ್ಮ ಬಳಿ ಬಂದಿದ್ದೇವೆ.

ಈ ಹೊಳೆಯ ಸ್ವಂತ ಮೀನು ಡುಬ್ಬದ ಮಹಶೀರ್. ತಲೆ ಮುಗಿಯುವಲ್ಲೇ ಬೆನ್ನು ಗೂನಾಗಿ ಏಳುತ್ತದೆ, ಬಾಲಕ್ಕೆ ಕಿತ್ತಳೆ ಬಣ್ಣ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಇದಕ್ಕೆ ಬೇರೆ ನೆಲೆಯಿಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಗಿತ್ತು. ಬೇಯಿಸಿದ ರಾಗಿ ಹಿಟ್ಟನ್ನು ಉಂಡೆ ಕಟ್ಟಿ, ಗಾಳಕ್ಕೆ ಮೆತ್ತಿ, ಇದೊಂದು ಮೀನಿಗಾಗಿ ಮಡುವಿನ ಪಕ್ಕ ದಿನಗಟ್ಟಲೆ ಕೂರಲು ವಿದೇಶಗಳಿಂದಲೂ ಜನ ಬರುತ್ತಿದ್ದರು. ಹರಿಗೋಲು ಹಾಕುವವರಿಗೆ ಅದರಿಂದ ಕೂಲಿಯೂ ಹುಟ್ಟುತ್ತಿತ್ತು. ಇಷ್ಟು ಹೆಸರಾದ ಮೀನು ಯಾವ ಜಾತಿಯದೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ, ಟಾರ್ ರೆಮಾದೇವಿ ಎಂದು. ಅದೇ ವರ್ಷ ಅದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿತು.

ಹೊಳೆಯಲ್ಲಿ ಈಗ ಹೆಚ್ಚಾಗಿರುವುದು ನೀಲಿ ರೆಕ್ಕೆಯ ಮಹಶೀರ್. 1839ರಲ್ಲಿ ಇದನ್ನು ಮೊದಲು ವಿವರಿಸಿದ್ದು ಪುಣೆ ಬಳಿಯ ಮುಳಾ-ಮುಠಾ ನದಿಯಿಂದ. 1970ರ ದಶಕದಿಂದ ಲೋಣಾವಳದಲ್ಲಿ ಇದರ ಮರಿ ಮಾಡಿ ಹಲವು ರಾಜ್ಯಗಳ ನದಿಗಳಿಗೆ ಕೊಟ್ಟರು, ಕಾವೇರಿಗೂ ಬಂತು. ಮಹಶೀರ್ ಉಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾವೇರಿ ದಡದಲ್ಲಿ ಗಾಳ ಹಾಕುವವರು ತಂಗುತ್ತಿದ್ದ ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಮತ್ತೆ ನೀರಿಗೆ ಬಿಟ್ಟ ಮೀನುಗಳ ಲೆಕ್ಕ ತೆಗೆದು ನೋಡಿದಾಗ, ಸಿಕ್ಕ ಮೀನುಗಳ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಏರಿದ್ದು ನೀಲಿ ರೆಕ್ಕೆಯದು. ಡುಬ್ಬದ ಮಹಶೀರ್ ಅಪರೂಪವಾಗುತ್ತಾ ಬಂದು, ಸಿಕ್ಕವೂ ದೊಡ್ಡ, ವಯಸ್ಸಾದ ಮೀನುಗಳೇ ಆಗಿದ್ದವು. ಎಳೆಯವು ಬರುತ್ತಿಲ್ಲ ಎಂದರೆ ವಂಶ ನಿಲ್ಲುತ್ತಿದೆ ಎಂದೇ ಅರ್ಥ. ಹತ್ತಿರದ ಸಂಬಂಧಿ ಮೀನುಗಳಾದ್ದರಿಂದ ಮೇವಿಗೂ ಜಾಗಕ್ಕೂ ಪೈಪೋಟಿ ತಪ್ಪದು, ಎರಡೂ ಕೂಡಿ ಬೆರಕೆಯಾಗುವ ಭಯವೂ ಇದೆ.

ಸಿಡಿಮದ್ದು, ಮರಳು ತೆಗೆಯುವುದು, ಮೇಲಿನಿಂದ ಏಕಾಏಕಿ ಏರಿಳಿಯುವ ನೀರು ಕೂಡ ಈ ಮೀನಿಗೆ ಮಾರಕವೇ. ಅವುಗಳ ಬಗ್ಗೆ ಬೇರೆಯಾಗಿ ಅರ್ಜಿ ಕೊಡುತ್ತೇವೆ. ಮರಿ ಬಿಡುವುದನ್ನು ನಿಲ್ಲಿಸಲು ಮಾತ್ರ ಒಂದು ಆದೇಶ ಸಾಕು.

ಆದ್ದರಿಂದ ಶಿವನಸಮುದ್ರದ ಕೆಳಗಿನ ಕಾವೇರಿಗೂ, ಅದನ್ನು ಸೇರುವ ಶಿಂಷಾ, ಅರ್ಕಾವತಿಗಳಿಗೂ ನೀಲಿ ರೆಕ್ಕೆಯ ಮಹಶೀರ್, ಕಾಟ್ಲಾ, ರೋಹು, ಯಾವ ಹೊರಗಿನ ಮರಿಯನ್ನೂ ಬಿಡದಂತೆ ಸಂಬಂಧಪಟ್ಟ ಇಲಾಖೆ ಮತ್ತು ನೆರೆ ಜಿಲ್ಲಾಡಳಿತಗಳೊಂದಿಗೆ ಮಾತನಾಡಿ ತಡೆಯಬೇಕು. ಮಹಶೀರ್ ಮರಿ ಮಾಡುವ ಕೇಂದ್ರಗಳ ತಾಯಿಮೀನುಗಳ ಡಿಎನ್‌ಎ ಪರೀಕ್ಷೆಯಾಗಲಿ. ಉಳಿದಿರುವ ಡುಬ್ಬದ ಮಹಶೀರ್ ಯಾವ ಮಡುಗಳಲ್ಲಿವೆ ಎಂದು ಬೇಸಿಗೆಯಲ್ಲಿ ಸಮೀಕ್ಷೆ ಮಾಡಿಸಬೇಕು. ಆ ತಂಡದಲ್ಲಿ ನಮ್ಮ ಮೀನುಗಾರರಿಗೂ ಕೂಲಿ ಕೊಟ್ಟು ಜಾಗ ಕೊಡಿ, ಯಾವ ಬಂಡೆಯ ಕೆಳಗೆ ಎಷ್ಟು ಆಳವಿದೆ ಎಂಬುದು ಅವರಿಗೆ ಗೊತ್ತು.

ನೀಲಿ ರೆಕ್ಕೆಯದನ್ನು ಹಿಡಿದು ತೆಗೆಯುವ ಕೆಲಸ ಅವಸರದಲ್ಲಿ ಆಗಬಾರದು. ಎಳೆಯದರಲ್ಲಿ ಡುಬ್ಬ ನೋಡಿ ಜಾತಿ ಹೇಳಲಾಗದು. ಸಿಕ್ಕವರೆಲ್ಲ ಬಲೆ ಬೀಸಿದರೆ ಉಳಿಸಬೇಕಾದದ್ದೇ ಮೊದಲು ಸಾಯುತ್ತದೆ. ಇದು ವನ್ಯಜೀವಿ ಧಾಮದ ನೀರು. ಅರಣ್ಯ ಇಲಾಖೆಯ ಕಣ್ಗಾವಲಲ್ಲಿ, ತಜ್ಞರು ಒಂದೊಂದೇ ಮೀನನ್ನು ನೀರಲ್ಲಿಟ್ಟೇ ಗುರುತಿಸಿ, ಅನುಮಾನ ಬಂದದ್ದನ್ನು ಬಿಟ್ಟುಬಿಡುವ ಕ್ರಮ ಬೇಕು.

ಇನ್ನು ಕೆರೆಗಳು. ಜಿಲೇಬಿ ಮೀನು (ತಿಲಾಪಿಯಾ), ನಿಷೇಧವಿದ್ದರೂ ಕದ್ದು ಸಾಕುವ ಆಫ್ರಿಕನ್ ಕ್ಯಾಟ್‌ಫಿಶ್ ಕೋಡಿ ನೀರಿನ ಜೊತೆ ಹೊಳೆ ಸೇರುತ್ತವೆ. ಕೆರೆ ಹರಾಜಿನ ಷರತ್ತಿನಲ್ಲೇ ಇದನ್ನು ತಡೆಯಬಹುದು. ಮೀನು ಹಿಡಿದು ಬದುಕುವ ಮನೆಗಳ ಹೊಟ್ಟೆಯ ಮೇಲೆ ಹೊಡೆಯಬಾರದು, ಹೊಳೆಗೆ ನಿಲ್ಲಿಸಿದ ಬಿತ್ತನೆಗೆ ಬದಲಾಗಿ ಕೋಡಿ ಹರಿಯದ ಕಟ್ಟೆಗಳಲ್ಲಿ ಅವರಿಗೆ ಅವಕಾಶ ಕೊಡಬೇಕು.

ಮುಂದಿನ ಮಳೆಗಾಲದ ಬಿತ್ತನೆ ಶುರುವಾಗುವ ಮೊದಲು ಮೀನುಗಾರಿಕೆ ಮತ್ತು ಅರಣ್ಯ ಇಲಾಖೆಗಳ ಜಂಟಿ ಸಭೆ ಕರೆದು, ನಮ್ಮನ್ನೂ ಕರೆಯಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕಾವೇರಿ ತೀರದ ಗ್ರಾಮಸ್ಥರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಉಪನಿರ್ದೇಶಕರು, ಮೀನುಗಾರಿಕೆ ಇಲಾಖೆ, ಮಂಡ್ಯ; ಉಪ ಅರಣ್ಯ ಸಂರಕ್ಷಣಾಧಿಕಾರಿಗಳು, ಕಾವೇರಿ ವನ್ಯಜೀವಿ ವಿಭಾಗ.